ಮೊದಲ ಸಭೆಯ ನಡಾವಳಿ

ತೊಂಬತ್ತರ ದಶಕದ ಆರಂಭದಲ್ಲಿ ದೇಶದೇಶಗಳ ಸರ್ವಾಧಿಕಾರಿಗಳು ಕುರ್ಚಿ ಬಿಟ್ಟಿಳಿಯುವ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇತ್ತು. ಡೊಂಬಿವಲಿ ಲೋಕಲ್ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತು ಅದನ್ನು ಓದುತ್ತಿದ್ದ ನನಗೆ ನಮ್ಮ ಶಾಲೆಯ ಅಧ್ಯಕ್ಷರೂ ಅದೇ ಸಾಲಿನವರು ಅನ್ನಿಸತೊಡಗಿತು. ವಾಶಿಯ ಹತ್ತಿರದ ಕನ್ನಡ ಶಾಲೆ ನಮ್ಮದು. ಅಧ್ಯಕ್ಷರು ಉಡುಪಿ ಕಡೆಯ ಹೋಟೆಲಿನವರು; ಕಮಿಟಿ ಎಂದರೆ ಅವರು ಮತ್ತು ಅವರ ಭಾವ.

ನಾವು ಮೇಷ್ಟ್ರುಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಎಂಟು ದಿನ ಗೇಟಿನಲ್ಲಿ ಕೂತೆವು. ಕಮಿಟಿಯಲ್ಲಿ ಶಿಕ್ಷಕರಿಗೊಂದು, ಪಾಲಕರಿಗೊಂದು ಕುರ್ಚಿ ಬೇಕೆಂಬುದು ಬೇಡಿಕೆ. ಭಾಷಣ ನನ್ನದು. ಮೂಟೆ ಹೊರುವ ತಂದೆಯೂ ಇಲ್ಲಿ ಬಾಯಿ ಬಿಡುವಂತಾಗಬೇಕು ಎಂದು ಗುಡುಗಿದಾಗ ಬಿದ್ದ ಚಪ್ಪಾಳೆಯನ್ನು ಹೆಂಡತಿಗೆ ಮೂರು ಸಲ ವರ್ಣಿಸಿದೆ. ಕೊನೆಗೆ ಅಧ್ಯಕ್ಷರು ಒಪ್ಪಿದರು. ಶಿಕ್ಷಕರ ಕುರ್ಚಿ ನನಗೇ ಸಿಕ್ಕಿತು, ನಡಾವಳಿ ಬರೆಯುವ ಕೆಲಸವೂ. ಹೊಸ ಪೆನ್ನು ಕೊಂಡೆ.

ಪಾಲಕರು ಆರಿಸಿದ್ದು ವಾಶಿ ಮಾರ್ಕೆಟಿನಲ್ಲಿ ಮೂಟೆ ಹೊರುತ್ತಿದ್ದ, ಗುಲಬರ್ಗಾ ಕಡೆಯ ಒಬ್ಬ ಹಮಾಲನನ್ನು. ಮಗಳು ನನ್ನ ಏಳನೇ ತರಗತಿಯಲ್ಲಿದ್ದಳು. ಮೊದಲ ಸಭೆಗೆ ಆತ ಅವಳನ್ನೂ ಕರೆತಂದು, ಕುರ್ಚಿಯ ತುದಿಯಲ್ಲಿ ಕೂತ. ಏನಾದರೂ ಹೇಳಿ ಎಂದು ಹುರಿದುಂಬಿಸಿದವನು ನಾನೇ.

"ಮಾಸ್ತರು ಮೊದಲನೇ ತಾಸಿಗೆ ದಿನಾ ತಡಾ ಮಾಡಿ ಬರ್ತಾರ್ರಿ. ಅದು ಗಣಿತದ ತಾಸು. ನಪಾಸಾದ್ರ ಪೋರಿಗಿ ಸಾಲಿ ಬಿಡಸು ಅಂತ ಅಕಿ ಅವ್ವ ಕುಂತಾಳ. ಮಾಸ್ತರು ವ್ಯಾಳ್ಯಾಕ್ಕ ಬರಬೇಕು, ಇದೊಂದೇ ನಂದು."

ಸಭೆಯೆಲ್ಲ ನನ್ನ ಕಡೆ ತಿರುಗಿತು. ಠಾಣೆಯವರೆಗೆ ಲೋಕಲ್ಲು, ಅಲ್ಲಿಂದ ಬಸ್ಸು ಎಂದು ಏನೇನೋ ಬಡಬಡಿಸಿದೆ. ಅಸಲಿಗೆ ನಾನು ಹಿಡಿಯಬೇಕಾದ ಲೋಕಲ್ ಹೊರಡುವ ಹೊತ್ತಿಗೆ ನಾನಿನ್ನೂ ಗಡ್ಡಕ್ಕೆ ಸೋಪು ಹಚ್ಚುತ್ತಿರುತ್ತಿದ್ದೆ. ಅಧ್ಯಕ್ಷರು ನಗು ತಡೆದುಕೊಂಡು, "ಬರ್ಕೊಳ್ಳಿ ಮಾಸ್ಟ್ರೇ, ನೀವೇ ಕೇಳಿದ್ದಲ್ವಾ" ಎಂದರು.

ಬರೆದುಕೊಂಡೆ: 'ಶಿಕ್ಷಕರ ಕಾರ್ಯವೈಖರಿಯ ಬಗ್ಗೆ ಪಾಲಕರು ಸಂತೋಷ ವ್ಯಕ್ತಪಡಿಸಿದರು.'

ಚಹಾ ಮುಗಿದು ಉಳಿದವರು ನೋಡದೆಯೇ ಸಹಿ ಹಾಕಿ ಹೊರಟರು. ಆತ ಮಾತ್ರ ಹೆಬ್ಬೆಟ್ಟು ಒತ್ತುವ ಮೊದಲು ತಾನು ಹೇಳಿದ್ದನ್ನು ಓದಿ ಹೇಳಬೇಕೆಂದ. ನಾನು ಪುಟದ ಮೇಲೆ ಬೆರಳಾಡಿಸುತ್ತ ಅವನ ಮಾತನ್ನೇ ಅವನಿಗೆ ಒಪ್ಪಿಸಿದೆ. ಮಗಳು ಪಕ್ಕದಲ್ಲಿ ಬಗ್ಗಿ ಪುಟವನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತದೆ ಎಂಬುದು ಅವಳ ಮೇಷ್ಟ್ರಾದ ನನಗೆ ಆಗ ಹೊಳೆಯಿತು.

"ಹಂಗೇ ಬರದಾರೇನವಾ?" ಎಂದು ತಂದೆ ಅವಳನ್ನು ಕೇಳಿದ.

ಅವಳು ನನ್ನ ಮುಖ ನೋಡಿದಳು. "ಹೂಂ ಅಪ್ಪಾ, ಹಂಗೇ ಬರದಾರ" ಎಂದಳು.

ಆತ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ನನಗೆ ಕೈಮುಗಿದು ಹೋದ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಮರುದಿನ ನಸುಕಿಗೇ ಎದ್ದು, ಗಂಟೆ ಹೊಡೆಯುವ ಮೊದಲೇ ತರಗತಿಯಲ್ಲಿದ್ದೆ. ಗಣಿತದ ಪಿರಿಯಡ್ಡು ಮುಗಿಯುವವರೆಗೂ ಅವಳ ಬೆಂಚಿನ ಕಡೆ ನೋಡಲಾಗಲಿಲ್ಲ.