ಚೆಕಿಂಗ್ ಅಕ್ಕನ ವರಾಂಡ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವನು ಪೋಸ್ಟ್‌ಮ್ಯಾನ್ ಒಬ್ಬನೇ ಇರಬೇಕು. ಉಳಿದವರಿಗೆಲ್ಲ ಅವಳು ಚೆಕಿಂಗ್ ಅಕ್ಕ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅರ್ಧ ಆಯುಸ್ಸು ಸವೆಸಿದವಳು, ಹೊಲಿಯುವುದಕ್ಕಲ್ಲ, ಬೇರೆಯವರು ಹೊಲಿದದ್ದರಲ್ಲಿ ತಪ್ಪು ಹುಡುಕುವುದಕ್ಕೆ. ಟ್ಯೂಬ್‌ಲೈಟಿನ ಕೆಳಗೆ ನಿಂತು ತೋಳು ತಿರುವಿ, ಕಾಲರ್ ಎಳೆದು, ಎಲ್ಲಿ ಹೊಲಿಗೆ ಹಾರಿದೆಯೋ ಅಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದು ಅವಳ ಕೆಲಸ. ಹೊಲಿಯುವ ಹೆಂಗಸರು ಅವಳನ್ನು ಬೈದುಕೊಳ್ಳದ ದಿನವಿರಲಿಲ್ಲ. ಅವಳು ಪಾಸ್ ಮಾಡಿದ ಪೀಸು ಹೊರಗಿನಿಂದ ತಿರುಗಿ ಬಂದ ದಿನವೂ ಇರಲಿಲ್ಲ. ರಿಟೈರ್ ಆದ ಮೇಲೆ ಸ್ಟಿಕ್ಕರ್ ಹೋಯಿತು, ಕಣ್ಣು ಹೋಗಲಿಲ್ಲ. ಅವಳು ಬರುವುದು ಕಂಡರೆ ತರಕಾರಿಯವನು ತಕ್ಕಡಿ ಒರೆಸಿಡುತ್ತಿದ್ದ. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಯಾರಾದರೂ ಅಂದರೆ ಅವಳ ಗಂಡ, "ಬರೀ ಹುಡುಕೋದಲ್ಲ ಸ್ವಾಮಿ, ಅವಳಿಗೆ ಸಿಕ್ಕೂ ಸಿಗುತ್ತೆ" ಅನ್ನುತ್ತಿದ್ದ.

ಗಂಡ ಸಿಟಿ ಬಸ್ ಡ್ರೈವರ್ ಆಗಿದ್ದವನು. ಅವಳಿಗೆ ತದ್ವಿರುದ್ಧ. ಬಸ್ಸಿನ ಬಾಗಿಲು ಮುಚ್ಚದಿದ್ದರೆ ಹಗ್ಗ ಬಿಗಿದು ಹೊರಟುಬಿಡುವ ಜಾತಿ. "ಜನ ಕಾಯ್ತಿರ್ತಾರೆ ಕಣೇ, ಬಾಗಿಲನ್ನ ಯಾರು ನೋಡ್ತಾರೆ" ಎನ್ನುವುದು ಅವನ ವಾದ. ದೊಡ್ಡ ಗಾಜಿನ ಹಿಂದೆ ಕೂತು, ಬೀದಿಗಳೆಲ್ಲ ತನ್ನತ್ತಲೇ ಓಡಿ ಬರುವುದನ್ನು ನೋಡುತ್ತಾ ಬದುಕಿದವನು. ಅಂಥವನಿಗೆ ರಕ್ತದ ಕಾಯಿಲೆ ಬಂತು. ಚಿಕಿತ್ಸೆ ಕಾಯಿಲೆಯನ್ನು ಎಷ್ಟು ಕೊಂದಿತೋ ಗೊತ್ತಿಲ್ಲ, ಅವನನ್ನಂತೂ ಹಿಂಡಿ ಹಿಪ್ಪೆ ಮಾಡಿ ಮನೆಗೆ ಕಳಿಸಿತು.

ಡಾಕ್ಟರು ಅವಳನ್ನು ಕಾರಿಡಾರಿಗೆ ಕರೆದು ಎರಡು ಮಾತು ಹೇಳಿದ್ದರು. "ಸೊಳ್ಳೆ ಕಚ್ಚದ ಹಾಗೆ ನೋಡ್ಕೊಳ್ಳಿ. ಒಂದು ಜ್ವರ ಬಂದ್ರೂ ತಡ್ಕೊಳ್ಳೋ ಶಕ್ತಿ ಅವರಿಗಿಲ್ಲ." ಅದು ಮೊದಲನೆಯದು. "ಅವರಿಗೇನು ಇಷ್ಟವೋ ಅದನ್ನ ಮಾಡ್ಕೊಡಿ. ತಡ ಮಾಡ್ಬೇಡಿ." ಇದು ಎರಡನೆಯದು. ಅವಳ ಕಿವಿ ಗಟ್ಟಿಯಾಗಿ ಹಿಡಿದುಕೊಂಡದ್ದು ಮೊದಲನೆಯದನ್ನು. ಎರಡನೆಯದನ್ನು ಕೇಳಲಿಲ್ಲವೆಂದಲ್ಲ. ಸೊಳ್ಳೆಯನ್ನು ತಡೆಯುವುದು ಅವಳ ಕೈಲಿತ್ತು, ಆಯುಸ್ಸನ್ನು ತಡೆಯುವುದು ಇರಲಿಲ್ಲ. ಕೈಲಿದ್ದ ಕೆಲಸದ ಕಡೆ ಮನಸ್ಸು ಹರಿಯಿತು.

ಅವನನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದರು. ಅದರ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಗೋಡೆಯ ಮೇಲೊಂದು ಪೈಪು. ಬೀದಿಯ ಕೊನೆಯಲ್ಲಿ ಅವನ ಹಳೆಯ ರೂಟಿನ ಬಸ್ಸು ತಿರುಗುವ ಸದ್ದು ಕೇಳಿದರೆ, "ಗೇರ್ ತಪ್ಪು ಹಾಕಿದ" ಎಂದು ಗೋಡೆಗೆ ಹೇಳುತ್ತಿದ್ದ. ಒಂದು ದಿನ ಅವಳ ಕೈ ಹಿಡಿದು ಕೂರಿಸಿಕೊಂಡ.

"ನಂಗೆ ಬೀದಿ ನೋಡ್ಬೇಕು ಕಣೇ. ಸಾಯಂಕಾಲ ಒಂದಿಷ್ಟು ಹೊತ್ತು ಮುಂದಿನ ವರಾಂಡದಲ್ಲಿ ಕೂತ್ಕೊಂಡ್ರೆ ಸಾಕು."

"ಎದುರಿಗೇ ಚರಂಡಿ ಇದೆ ರೀ. ಸೊಳ್ಳೆ ಹೊತ್ಕೊಂಡು ಹೋಗ್ತವೆ."

"ಹಾಗಾದ್ರೆ ಸುತ್ತ ಜಾಲರಿ ಹಾಕ್ಸು."

ಅದಕ್ಕಿಂತ ಹೆಚ್ಚಿನದೇನನ್ನೂ ಅವನು ಕೇಳಲಿಲ್ಲ. ಮನೆಯ ಮುಂದೆ ವರಾಂಡ ಆಗಲೇ ಇತ್ತು, ಮೂರು ಕಡೆ ಖಾಲಿ. ಚೌಕಟ್ಟು ನಿಲ್ಲಿಸಿ, ಜಾಲರಿ ಬಿಗಿದು, ಬಾಗಿಲಿಟ್ಟರೆ ಮುಗಿಯಿತು. ಮಾಡುವವನೊಬ್ಬ ಬೇಕು, ಅಷ್ಟೇ. ಅಲ್ಲಿಂದ ಚೆಕಿಂಗ್ ಶುರುವಾಯಿತು.

ಮೊದಲು ಬಂದ ಕಂಟ್ರಾಕ್ಟರ್ ಇಸ್ತ್ರಿ ಮಾಡಿದ ಬಟ್ಟೆಯವನು. ಫೋನಿನಲ್ಲಿ ಫೋಟೊ ತೋರಿಸಿದ್ದೇ ತೋರಿಸಿದ್ದು. ದೀಪ, ಬಳ್ಳಿ, ಉಯ್ಯಾಲೆ. ಅಂಗೈಯಲ್ಲಿ ಆಕಾಶ ಎಂದರೆ ಅದೇ. "ನೀವು ಮಾಡಿದ ಒಂದು ಮನೆ ತೋರ್ಸಿ, ಕಣ್ಣಾರೆ ನೋಡ್ಬೇಕು" ಎಂದಳು. ಅವನು ಮತ್ತೊಂದು ಫೋಟೊ ತೆಗೆದ. ಇವಳು ಕಾಫಿ ಲೋಟ ಎತ್ತಿಕೊಂಡು ಒಳಗೆ ನಡೆದಳು. ಅದರಲ್ಲಿ ಯಾರೂ ಅವಳನ್ನು ತಪ್ಪೆನ್ನುವಂತಿಲ್ಲ.

ಎರಡನೆಯವನನ್ನು ಕರೆತಂದವನು ಮೈದುನ. ಸಣ್ಣ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡೇ ತಿರುಗುವ ಚುರುಕಿನ ಆಳು. ನಿಂತ ಕಾಲಲ್ಲೇ ಟೇಪು ಹಿಡಿದು ಅಳೆದ. "ನಾಳೆ ಶುರು ಮಾಡಿದ್ರೆ ನಾಡಿದ್ದು ಸಂಜೆ ಯಜಮಾನ್ರು ಇಲ್ಲಿ ಕೂತಿರ್ತಾರೆ ಅಕ್ಕ" ಎಂದ. ಅವಳು ಅವನು ಮಾಡಿದ ಕೆಲಸ ನೋಡಲು ಹೊರಟಳು. ಎರಡು ಬೀದಿ ಆಚೆಯ ಮನೆ. ನೀರು ಹರಿಯಲೆಂದು ವರಾಂಡದ ನೆಲ ಇಳಿಜಾರಾಗಿರುತ್ತದಲ್ಲ, ಇವನ ಚೌಕಟ್ಟಿನ ಅಡಿ ಮಾತ್ರ ನೇರ. ಒಂದು ಮೂಲೆಯಲ್ಲಿ ಸಂದು. ಅದಕ್ಕೆ ಸ್ಪಂಜು ತುರುಕಿ ಬಣ್ಣ ಬಳಿದಿದ್ದ. ಅವಳು ಬಗ್ಗಿ ಕಿರುಬೆರಳು ತೂರಿಸಿದಳು. ಸ್ಪಂಜು ಹೊರಗೆ ಬಿತ್ತು.

"ಅತ್ತಿಗೆ, ಅದು ಸ್ಪಂಜು, ಇನ್ನೊಂದು ತುರುಕಿದ್ರಾಯ್ತು" ಎಂದ ಮೈದುನ.

"ಸೊಳ್ಳೆಗೆ ನನ್ನ ಬೆರಳಷ್ಟು ಜಾಗ ಬೇಡಪ್ಪ."

ಮೂರನೆಯವನದು ಹೆಚ್ಚು ಮಾತಿಲ್ಲ. ಹೂಂ, ಉಹೂಂ, ಇಷ್ಟರಲ್ಲೇ ಸಂಸಾರ. ಅವನು ಜಾಲರಿ ಹಾಕಿದ ಮನೆಗೆ ಹೋಗಿ ಅವಳು ಮೊಣಕಾಲೂರಿ ಕೂತಳು. ನೆಲ ಎಷ್ಟು ಇಳಿದಿತ್ತೋ ಚೌಕಟ್ಟಿನ ಅಡಿಯೂ ಅಷ್ಟೇ ಇಳಿದಿತ್ತು. ಜಾಲರಿಯನ್ನು ಕಚ್ಚಿ ಹಿಡಿದ ರಬ್ಬರು ಮೂಲೆಯಲ್ಲಿ ಕೂಡ ಎದ್ದಿರಲಿಲ್ಲ. ಬಾಗಿಲು ಬಿಟ್ಟರೆ ತಾನಾಗಿ ಬಂದು ಕೂರುತ್ತಿತ್ತು. ಆ ಮನೆಯವಳು ತಂದಿಟ್ಟ ಕಾಫಿ ಆರಿಹೋಯಿತು. ಹುಡುಕೀ ಹುಡುಕೀ ಅವಳಿಗೆ ಏನೂ ಸಿಗಲಿಲ್ಲ. ಎಷ್ಟೋ ತಿಂಗಳ ಮೇಲೆ ಅವಳಿಗೆ ಸಂತೋಷವಾಯಿತು, ಅದನ್ನು ಇಲ್ಲವೆನ್ನಲಾಗದು. ಜಗತ್ತಿನಲ್ಲಿ ಒಂದು ಕೆಲಸವಾದರೂ ಸರಿಯಾಗಿ ಆಗುತ್ತದೆ ಎಂಬ ಸಂತೋಷ.

"ನಮ್ಮನೇದು ಯಾವಾಗ ಮಾಡ್ತೀರಿ?"

"ಕೈಲಿ ಎರಡು ಕೆಲಸ ಇದೆ. ಅದು ಮುಗಿಸಿ."

"ಸ್ವಲ್ಪ ಅರ್ಜೆಂಟಿತ್ತು."

"ಒಂದನ್ನ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಬರಲ್ಲಮ್ಮ ನಾನು."

ಬೇರೆ ಯಾರಾದರೂ ಆಗಿದ್ದರೆ ಎದ್ದು ಬರುತ್ತಿದ್ದರು. ಅವಳಿಗೆ ಆ ಮಾತಿನಿಂದಲೇ ನಂಬಿಕೆ ಬಂತು. ಅಡ್ವಾನ್ಸು ಕೊಟ್ಟು ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ವರ್ಣಿಸಿದಳು. ಅವನು ಕೇಳಿಸಿಕೊಂಡು, "ಆ ವ್ಯಾನಿನವನು ನಾಡಿದ್ದೇ ಮುಗಿಸ್ತೀನಿ ಅಂದಿದ್ನಲ್ಲ" ಎಂದ.

"ಆತುರಗಾರನಿಗೆ ಬುದ್ಧಿ ಮಟ್ಟ."

"ಅವನ ಬುದ್ಧಿ ಕಟ್ಕೊಂಡು ನಂಗೇನಾಗ್ಬೇಕು," ಎಂದು ನಕ್ಕ. ನಗುವಾಗ ಕೆಮ್ಮು ಬಂತು. "ಸರಿ. ನಿನ್ನಿಷ್ಟ."

ಫ್ಯಾಕ್ಟರಿಯಲ್ಲಿ ತಪ್ಪಿರುವ ಪೀಸಿಗೆ ಬಾಣ ಅಂಟಿಸಿ ಕಳಿಸಿದರೆ ಬಿಚ್ಚಿ, ಹೊಲಿದು, ಮತ್ತೆ ಅವಳ ಮೇಜಿಗೇ ತಂದಿಡುತ್ತಿದ್ದರು. ತಡವಾದರೆ ಬೈಗುಳ ತಿನ್ನುವವರು ಮೇಲಿನವರು. ಪೀಸು ಮಾತ್ರ ಎಲ್ಲೂ ಓಡಿಹೋಗುತ್ತಿರಲಿಲ್ಲ. ಗಂಡ ಪೀಸಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಕೈಗೆ ಹತ್ತಿದ ಅಭ್ಯಾಸ ತಲೆಯ ಮಾತು ಕೇಳುವುದಿಲ್ಲ.

ವ್ಯಾನಿನವನು ಅಳತೆ ತೆಗೆಯುವುದನ್ನು ಎದುರುಮನೆಯ ಟೀಚರ್ ನೋಡಿದ್ದರು. ರಿಟೈರ್ ಆಗಿ ಒಬ್ಬರೇ ಇದ್ದವರು, ಮಾತಿಗೆ ಜನ ಬೇಕಾದವರು. ಅವನನ್ನೇ ಕರೆಸಿ ತಮ್ಮ ವರಾಂಡಕ್ಕೆ ಜಾಲರಿ ಹಾಕಿಸಿಬಿಟ್ಟರು. ಶನಿವಾರ ಟಕಟಕ ಶುರುವಾದದ್ದು ಭಾನುವಾರ ಸಂಜೆಗೆ ನಿಂತಿತು. ಸೋಮವಾರ ಟೀಚರ್ ಒಳಗೆ ಕೂತು ಪೇಪರ್ ಓದುತ್ತಿದ್ದರು.

ಗೋಡೆ ಹಿಡಿದುಕೊಂಡು ಗಂಡ ಮುಂಬಾಗಿಲವರೆಗೆ ನಡೆದು ಬಂದ. ಬಾಗಿಲಿನಲ್ಲಿ ಅಂಗೈಯಗಲದ ಗಾಜಿತ್ತು. ಅದಕ್ಕೆ ಹಣೆ ಒತ್ತಿ ನಿಂತ.

"ಅವರ ವರಾಂಡದಲ್ಲಿ ನಾಲ್ಕು ಸೊಳ್ಳೆ ಇರಬಹುದು ಕಣೇ," ಎಂದ. "ಆದ್ರೆ ಬೀದಿನೂ ಇದೆ."

ಅವಳು ಅವನ ಭುಜಕ್ಕೆ ಶಾಲು ಹೊದಿಸಿದಳು.

"ಆ ವ್ಯಾನಿನವನನ್ನೇ ಕರೆಸು. ನಿಂಗೆ ಸರಿಹೋಗ್ದಿದ್ರೆ ಆಮೇಲೆ ಕಿತ್ತು ಹಾಕ್ಸಿದ್ರಾಯ್ತು."

"ಎರಡೆರಡು ಸಲ ಯಾಕೆ ಮಾಡ್ಸೋದು? ಅಡ್ವಾನ್ಸು ತಗೊಂಡವನು ಮುಂದಿನ ವಾರ ಬರ್ತಾನೆ. ತಾಳಿದವನು ಬಾಳಿಯಾನು ರೀ."

ಗಾದೆಗಳನ್ನು ಮಾಡಿದವರು ಕಾಯಿಲೆಯವರ ಮನೆಯಲ್ಲಿ ಕೂತು ಮಾಡಿರಲಿಕ್ಕಿಲ್ಲ. ಮುಂದಿನ ವಾರ ಮೂರನೆಯವನು ಬರಲಿಲ್ಲ. ಅಲ್ಲೆಲ್ಲೋ ಕಂಬ ಕೂದಲೆಳೆಯಷ್ಟು ವಾಲಿತ್ತಂತೆ, ಬಿಚ್ಚಿ ಮತ್ತೆ ನಿಲ್ಲಿಸುತ್ತಿದ್ದನಂತೆ. ಫೋನಿಟ್ಟು ಅವಳು, "ಕೆಲಸಗಾರ ಅಂದ್ರೆ ಹೀಗಿರ್ಬೇಕು" ಎಂದಳು. ಮೈದುನ ಅವಳ ಮುಖವನ್ನೇ ನೋಡಿದ.

ಟೀಚರ್ ಒಂದು ಸಂಜೆ ರಸ್ತೆ ದಾಟಿ ಬಂದರು. "ಡ್ರೈವರ್ ಸಾಹೇಬ್ರನ್ನ ನಮ್ಮನೇಲಿ ಕೂರ್ಸಿ ಅಕ್ಕ. ನಿಮ್ಮದು ಆಗೋವರೆಗೂ ದಿನಾ ಬರಲಿ. ನಂಗೂ ಮಾತಿಗೆ ಆಗುತ್ತೆ." ಒಳಗಿನಿಂದ ಅವನು ಚಪ್ಪಲಿ ಹುಡುಕುವ ಸದ್ದು ಕೇಳಿಸಿತು. ಅವಳು, "ಒಂದ್ನಿಮಿಷ" ಎಂದು ರಸ್ತೆ ದಾಟಿ ಹೋದಳು. ಟೀಚರ ವರಾಂಡದಲ್ಲಿ ಬಗ್ಗಿದಳು. ಮೂಲೆಯಲ್ಲಿ ಸಂದಿತ್ತು. ಇದ್ದೇ ಇರುತ್ತದೆಂದು ಅವಳಿಗೆ ಗೊತ್ತಿತ್ತು, ಕಿರುಬೆರಳು ಸಲೀಸಾಗಿ ಹೋಯಿತು. ತಿರುಗಿ ಬಂದು ಗಂಡನಿಗೆ, "ಬೇಡ ರೀ" ಎಂದಳು. ಅವನು ಆಗಲೇ ಒಂದು ಚಪ್ಪಲಿ ಮೆಟ್ಟಿದ್ದ. ಅದನ್ನು ಬಿಟ್ಟು ಗೋಡೆ ಹಿಡಿದು ಹಿಂದಿನ ಕೋಣೆಗೆ ಹೋದ. ಈ ಸಲ ನಿನ್ನಿಷ್ಟ ಎನ್ನಲೂ ಇಲ್ಲ.

ಜ್ವರ ಅದಾದ ಮೇಲೆ ಬಂತು, ಬಾಗಿಲು ಕಿಟಕಿ ಮುಚ್ಚಿದ ಅದೇ ಕೋಣೆಗೆ. ಆಸ್ಪತ್ರೆಯಲ್ಲಿ ಅವಳು ಡಾಕ್ಟರ ಹಿಂದೆ ಹಿಂದೆ ಓಡಾಡಿ ಒಂದೇ ಪ್ರಶ್ನೆ ಕೇಳಿದಳು. ಸೊಳ್ಳೆಯಿಂದಲೇ?

"ಅಲ್ಲಮ್ಮ. ಟೆಸ್ಟಲ್ಲಿ ಅಂಥದ್ದೇನೂ ಇಲ್ಲ. ಕಾಯಿಲೆಯಿಂದಲೇ ಬಂದಿದ್ದು. ಹೇಗೂ ಬರೋದಿತ್ತು."

ಹೇಗೂ ಬರೋದಿತ್ತು. ಸಮಾಧಾನಕ್ಕೆಂದೇ ಅಂದ ಮಾತು. ಅವಳಿಗೆ ಅದು ಎದೆಗೆ ಒದ್ದ ಹಾಗಾಯಿತು. ಹೇಗೂ ಬರುವುದಿದ್ದರೆ ಬೀದಿ ನೋಡಿಯೇ ಬರಬಹುದಿತ್ತಲ್ಲ. ಅವನ ಹಾಸಿಗೆ ವಾರ್ಡಿನ ನಡುವೆ ಇತ್ತು. ಅಲ್ಲಿಂದ ಯಾವ ಕಿಟಕಿಯೂ ಕಾಣುತ್ತಿರಲಿಲ್ಲ. ಕೊನೆಕೊನೆಗೆ ಅವನ ಬಲಗೈ ಹೊದಿಕೆಯ ಮೇಲೆ ಗೇರ್ ಬದಲಿಸುತ್ತಿತ್ತು. ಅವಳು ಆ ಕೈಯನ್ನು ಹಿಡಿಯಲು ಹೋದರೆ ಬಿಡಿಸಿಕೊಂಡು ಮತ್ತೆ ಗೇರಿಗೇ ಹೋಗುತ್ತಿತ್ತು. ಒಂದು ಮಧ್ಯಾಹ್ನ ಕೈ ನಿಂತಿತು.

ಮಣ್ಣು ಮಾಡಿ ಬಂದು, ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿರುವಾಗ ಗೇಟಿನ ಮುಂದೆ ಟೆಂಪೊ ನಿಂತಿತು. ಮೂರನೆಯವನು. ಹಿಂದೆ ಚೌಕಟ್ಟಿನ ಸಾಮಾನು, ಸುರುಳಿ ಸುತ್ತಿದ ಜಾಲರಿ. ಜನರನ್ನು ನೋಡಿ ಅವನಿಗೆ ಅರ್ಥವಾಯಿತು.

"ಅಡ್ವಾನ್ಸು ವಾಪಸ್ ಕೊಡ್ತೀನಮ್ಮ."

"ಹಾಕಿ," ಎಂದಳು.

"ಅತ್ತಿಗೆ, ಊರು ಕೊಳ್ಳೆ ಹೋದ ಮೇಲೆ..." ಎಂದು ಶುರು ಮಾಡಿದ ಮೈದುನ ಉಳಿದದ್ದನ್ನು ನುಂಗಿಕೊಂಡ. ಅವಳು ಅವನ ಕಡೆ ತಿರುಗಿ, "ಪೂರ್ತಿ ಹೇಳಪ್ಪ. ಕೋಟೆ ಬಾಗಿಲು ಹಾಕಿದ್ರು. ಗೊತ್ತು ನಂಗೆ. ಹಾಕ್ಲಿ" ಎಂದಳು.

ಮೂರನೆಯವನು ತನ್ನ ಪಾಡಿಗೆ ತಾನು ಕೆಲಸ ಮಾಡಿದ. ಅವಸರವೂ ಇಲ್ಲ, ನಿಧಾನವೂ ಇಲ್ಲ. ಮುಗಿದ ದಿನ ಅವಳು ಹೊರಗೆ ಬಂದು ಮೊಣಕಾಲೂರಿದಳು. ಅಡಿಯುದ್ದಕ್ಕೂ ಕಿರುಬೆರಳು ಎಳೆದಳು. ಮೂಲೆ ಮೂಲೆ ಒತ್ತಿದಳು, ರಬ್ಬರನ್ನು ಉಗುರಿನಿಂದ ಕೆದಕಿದಳು, ಬಾಗಿಲು ತೆರೆದು ಬಿಟ್ಟಳು, ತೆರೆದು ಬಿಟ್ಟಳು. ಇಷ್ಟು ವರ್ಷ ತಪ್ಪು ಸಿಗದಿರಲಿ ಎಂದು ಹುಡುಕಿದವಳಲ್ಲ ಅವಳು, ಸಿಗಲಿ ಎಂದೂ ಅಲ್ಲ. ಅಂದು ಮೊದಲ ಸಲ ಸಿಗಲಿ ಎಂದು ಹುಡುಕಿದಳು. ಒಂದು ಸಂದು ಸಿಕ್ಕಿದ್ದರೆ ಇವನ ಮೇಲೆ ಕೂಗಾಡಬಹುದಿತ್ತು. ನಂಬಿ ಕೆಟ್ಟೆ ಎನ್ನಬಹುದಿತ್ತು. ಮೋಸ ಹೋದವಳಿಗೆ ಅಳು ಸುಲಭವಾಗಿ ಬರುತ್ತದೆ.

"ಏನಾದ್ರೂ ತಪ್ಪಿದ್ಯಾಮ್ಮ?"

"ಇಲ್ಲ. ನಿಮ್ಮ ಕೆಲಸದಲ್ಲಿ ಏನೂ ತಪ್ಪಿಲ್ಲ." ಅವಳು ನೆಲದ ಮೇಲೇ ಕೂತಳು. "ಇದಕ್ಕಿಂತ ಕೆಟ್ಟದಿದ್ರೂ ಸಾಕಾಗಿತ್ತು. ಒಂದು ಸಂಜೆನಾದ್ರೂ ಕೂತಿರ್ತಿದ್ರು ಅವರು. ನಾನೇ ಕೂರಕ್ಕೆ ಬಿಡ್ಲಿಲ್ಲ."

ಅವನು ಸಾಮಾನು ಕಟ್ಟಿಕೊಂಡು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಟುಹೋದ.

ಹೊತ್ತು ಮುಳುಗುತ್ತಿತ್ತು. ಬೀದಿಯ ಕೊನೆಯಲ್ಲಿ ಬಸ್ಸು ತಿರುಗಿತು. ಎದುರುಮನೆಯ ಟೀಚರ್ ತಮ್ಮ ವರಾಂಡದಿಂದ ಕೈ ಎತ್ತಿದರು, ಇವಳು ಎತ್ತಲಿಲ್ಲ. ಚರಂಡಿಯ ಕಡೆಯಿಂದ ಸೊಳ್ಳೆಗಳು ಎದ್ದು ಬಂದು ಜಾಲರಿಯ ಹೊರಮೈಗೆ ಮುತ್ತಿಕೊಂಡವು. ಅವಳು ಸೆರಗು ಸರಿಸಿ ತೋಳು ಬರಿದು ಮಾಡಿಕೊಂಡು, ಒಂದಾದರೂ ಒಳಗೆ ಬರಲಿ ಎಂದು ಕತ್ತಲಾಗುವವರೆಗೂ ಕಾದಳು. ಒಂದೂ ಬರಲಿಲ್ಲ.