ಮೂರನೆಯ ಅಂಗಿ

ನಮ್ಮ ಅಬ್ಬಾ ಭಾಲ್ಕಿಯಲ್ಲಿ ದರ್ಜಿ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಮಷೀನು ಹಾಕಿಕೊಂಡು, ಹಲಬರ್ಗಾ, ಖಟಕ ಚಿಂಚೋಳಿ ಕಡೆಯ ರೈತರಿಗೆ ಅಂಗಿ ಪೈಜಾಮ ಹೊಲಿದು ನನ್ನನ್ನೂ ನನ್ನ ತಮ್ಮನನ್ನೂ ಸಾಕಿದವರು. ನಬಿಗಳ, ಅಂದರೆ ಪ್ರವಾದಿಗಳ, ಕಥೆ ಹೇಳುವಾಗಲೂ ಅವರ ಲಕ್ಷ್ಯವೆಲ್ಲ ಬಟ್ಟೆಯ ಮೇಲೆಯೇ. ಇದ್ರೀಸ್ ನಬಿ ದರ್ಜಿಯಾಗಿದ್ದರಂತೆ. ಅದನ್ನು ಹೇಳುವಾಗ ಅಬ್ಬಾನ ಜಂಬ ನೋಡಬೇಕು, ತಾವೇ ಆ ನಬಿಯ ಹತ್ತಿರ ಕಾಜಾ ಹಾಕುವುದನ್ನು ಕಲಿತು ಬಂದವರ ಹಾಗೆ. ನಮ್ಮ ಹುಜೂರ್ ಪೈಗಂಬರರು ತಮ್ಮ ಹರಿದ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂಬುದನ್ನಂತೂ, ಒಂದು ಗುಂಡಿ ಹಚ್ಚಿಸಲು ಬಂದವರನ್ನೂ ಬಿಡದೆ, ಹಿಂದೂ ಮುಸಲ್ಮಾನ ಎನ್ನದೆ, ಕೂಡಿಸಿ ಹೇಳಿ ಕಳಿಸುತ್ತಿದ್ದರು.

ನಾನು ಔರಾದಿನಲ್ಲಿ ಸರಕಾರಿ ಶಾಲೆಯ ಟೀಚರು. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ ಹತ್ತಿ, ಸಂತಪುರ ದಾಟಿ ಬೀದರಿಗೆ ಬಂದು, ಅಲ್ಲಿ ಇನ್ನೊಂದು ಬಸ್ ಹಿಡಿದು ಭಾಲ್ಕಿಗೆ ಹೋಗುತ್ತೇನೆ. ಮನೆಯಲ್ಲಿ ಅಬ್ಬಾ, ತಮ್ಮನ ಹೆಂಡತಿ, ಅವನ ಮಗಳು. ತಮ್ಮ ಸೌದಿಯಲ್ಲಿ ಟ್ಯಾಂಕರ್ ಓಡಿಸುತ್ತಾನೆ. ಹುಡುಗಿ ಹುಟ್ಟಿದ ಮೇಲೆ ಒಮ್ಮೆ ಬಂದು ಹೋಗಿದ್ದ, ಅವಳಿಗೆ ಅದು ನೆನಪಿಲ್ಲ. ಅವಳಿಗೆ ಅಪ್ಪ ಎಂದರೆ ಮೊಬೈಲಿನಲ್ಲಿ ಬರುವ ಒಂದು ಮುಖ, ಅದೂ ನೆಟ್ ಇದ್ದರೆ. ಮನೆಯಲ್ಲಿ ನಾವಾಡುವುದು ದಖ್ನಿ ಉರ್ದು. ಆದರೆ ಹುಡುಗಿ ಕನ್ನಡ ಶಾಲೆಯವಳು, ಅಬ್ಬಾ ಜೀವನವಿಡೀ ಗಿರಾಕಿಗಳ ಜೊತೆ ಕನ್ನಡ ಆಡಿದವರು. ಹಾಗಾಗಿ ಕಥೆಗಳೆಲ್ಲ ಕನ್ನಡಕ್ಕೇ ಹೊರಳಿಬಿಟ್ಟಿದ್ದವು.

ಎಲ್ಲ ಕಥೆಗಳಲ್ಲಿ ಅವಳಿಗೆ ಹೆಚ್ಚು ಬೇಕಾಗಿದ್ದುದು ಯೂಸುಫ್ ನಬಿಯ ಕಥೆ. "ಯೂಸುಫ್ ನಬಿ ಕಥಿ ಅಂದ್ರ ಮೂರು ಅಂಗಿ ಕಥಿ ಬೇಟಾ" ಎಂದೇ ಅಬ್ಬಾ ಶುರು ಮಾಡುತ್ತಿದ್ದರು. ಮೊದಲನೆಯದು, ಅಣ್ಣಂದಿರು ಅವರನ್ನು ಬಾವಿಗೆ ತಳ್ಳಿ, ತೋಳ ತಿಂದಿತೆಂದು ಹೇಳಿ ತಂದೆಗೆ ತಂದು ತೋರಿಸಿದ ರಕ್ತದ ಅಂಗಿ. ಇಲ್ಲಿ ಅಬ್ಬಾ ನಕ್ಕು ನಕ್ಕು ಹೇಳುತ್ತಿದ್ದರು, "ರಕ್ತ ಹಚ್ಯಾರ, ಅಂಗಿ ಹರಿಯೋದು ಮರ್ತಾರ. ತೋಳ ಏನ್ ಗುಂಡಿ ಬಿಚ್ಚಿ, ಅಂಗಿ ಕಳದಿಟ್ಟು ಆಮ್ಯಾಲ ತಿಂತೇನು?" ಎರಡನೆಯದು, ಮಿಸ್ರ್ ದೇಶದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಯಜಮಾನನ ಹೆಂಡತಿ ಹಿಂದಿನಿಂದ ಹಿಡಿದೆಳೆದು ಹರಿದ ಅಂಗಿ. ಹಿಂದೆ ಹರಿದಿದ್ದರೆ ಓಡಿದವರ ತಪ್ಪಿಲ್ಲ, ಎಳೆದವರ ತಪ್ಪು. ಮೂರನೆಯದು, ಮಗನಿಗಾಗಿ ಅತ್ತೂ ಅತ್ತೂ ಕಣ್ಣು ಬೆಳ್ಳಗಾಗಿ ಕುರುಡಾಗಿದ್ದ ತಂದೆ ಯಾಕೂಬ್ ನಬಿಗೆ ಯೂಸುಫ್ ಕಳಿಸಿಕೊಟ್ಟ ಅಂಗಿ. ಮುಖದ ಮೇಲೆ ಹಾಕಿದರು, ಕಣ್ಣು ಬಂತು. "ಮನಷ್ಯಾ ಸುಳ್ಳ ಹೇಳ್ತಾನ ಬೇಟಾ, ಬಟ್ಟಿ ಹೇಳಂಗಿಲ್ಲ. ಅಂಗಿ ನೋಡೋದು ಕಲಿಬೇಕು." ಇದು ಅವರು ಕಥೆಗೆ ಕೊನೆಯಲ್ಲಿ ಹಾಕುತ್ತಿದ್ದ ಗಂಟು.

ಇಂಥ ಅಬ್ಬಾನ ಕಣ್ಣೇ ಹೋಯಿತು.

ಮೊದಲು ಬಾಗಿಲ ಚೌಕಟ್ಟಿಗೆ ಭುಜ ತಾಕಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿಟ್ಟ ಚಹಾದ ಗ್ಲಾಸು ಕೈ ತಾಗಿ ಉರುಳುತ್ತಿತ್ತು. ಕಣ್ಣು ತೋರಿಸೋಣ ಎಂದರೆ ಸೂಜಿ ಎತ್ತಿ ಹಿಡಿದು, ಒಂದೇ ಏಟಿಗೆ ದಾರ ಪೋಣಿಸಿ, "ಇದಕ್ಕಿಂತ ಏನ್ ಕಾಣ್ಬೇಕು?" ಎನ್ನುತ್ತಿದ್ದರು. ನಮ್ಮ ಗಲ್ಲಿಯಲ್ಲಂತೂ ಕಣ್ಣಿನ ವಿಷಯದಲ್ಲಿ ಎಲ್ಲರೂ ಪಂಡಿತರೇ. ವಯಸ್ಸಾದವರ ಕಣ್ಣು ಮಂಜಾದರೆ ಅದು ಮೋತಿಬಿಂದು, ಕಣ್ಣಿನ ಪೊರೆ. ಮೋತಿಬಿಂದು ಎಂದಮೇಲೆ ಅದು ಹಣ್ಣಾಗಬೇಕು, ಹಣ್ಣಾದ ಮೇಲೆಯೇ ತೆಗೆಸಬೇಕು, ಕಾಯಿ ಇದ್ದಾಗ ಕೈ ಹಚ್ಚಿದರೆ ಕೆಡುತ್ತದೆ. ಸೀತಾಫಲದ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ಅಬ್ಬಾ ಅದಕ್ಕೆ ಅಯ್ಯೂಬ್ ನಬಿಯ ಕಥೆಯನ್ನೂ ಜೋಡಿಸಿಕೊಂಡರು. ಮೈಗೆಲ್ಲ ರೋಗ ಹತ್ತಿದರೂ ಆ ನಬಿ ಸಬರ್ ಬಿಡಲಿಲ್ಲ, ನಾನು ಇಷ್ಟಕ್ಕೆ ಬಿಡಲೇ? ಸಬರ್ ಎಂದರೆ ತಾಳ್ಮೆ. ತಾಳಿದವನು ಬಾಳಿಯಾನು ಎಂದು ನಾನೂ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಸುತ್ತೇನೆ. ಹೀಗೆ ಹಣ್ಣಾಗಲೆಂದು ಕಾದೆವು.

ಸೂಜಿಯ ಕಣ್ಣೂ ಕಾಣದಂತಾದ ಮೇಲೆ ಬೀದರಿನ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರರು ದೀಪ ಬಿಟ್ಟು ನೋಡಿ, ನನ್ನ ಕಡೆ ತಿರುಗಿ, "ಇದು ಬಿಳಿ ಮೋತಿ ಅಲ್ರಿ, ಕಾಲಾ ಮೋತಿ, ಗ್ಲಾಕೋಮಾ. ಇದು ಹಣ್ಣಾಗಂಗಿಲ್ಲ. ಬದೀಲಿಂದ ತಿನ್ಕೋತ ಬಂದು ಕಡೀಗಿ ನಡುವಿಂದೂ ತಿಂತದ. ಹೋಗಿದ್ದು ವಾಪಸ್ ಬರಂಗಿಲ್ಲ. ಲಗೂ ಬಂದಿದ್ರ ಉಳದಷ್ಟಾದ್ರೂ ಉಳಿಸ್ಬಹುದಿತ್ತು" ಎಂದರು. ಅಬ್ಬಾ "ಶುಕ್ರಿಯಾ" ಎಂದು ಕೈಯೆತ್ತಿ ನಮಸ್ಕರಿಸಿದರು, ಡಾಕ್ಟರರು ಕೂತಿರದ ಕಡೆಗೆ. ಆ ದಿನದಿಂದ ನನಗೆ ಸಬರ್ ಎಂಬ ಶಬ್ದ ಕೇಳಿದರೆ ಮೈ ಉರಿಯುತ್ತದೆ. ಯಾರ ಮೇಲೆ ಸಿಟ್ಟಾಗಬೇಕೆಂದೂ ಗೊತ್ತಾಗುವುದಿಲ್ಲ.

ಹುಡುಗಿ ಮಾತ್ರ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ತಮ್ಮ ರಜೆಗೆ ಬರುತ್ತಾನೆಂದು ಗೊತ್ತಾದ ದಿನದಿಂದ ಒಂಥರಾ ಗುಟ್ಟಿನ ನಗೆ ನಗುತ್ತ ಓಡಾಡತೊಡಗಿದಳು. ಒಂದು ಭಾನುವಾರ ಮೊಬೈಲ್ ಹಿಡಿದು ಅವನಿಗೆ ಹೇಳುತ್ತಿದ್ದಳು, "ಅಬ್ಬು, ಬರೋವಾಗ ಹಾಕ್ಕೊಂಡ ಅಂಗಿ ತೊಳಿಬ್ಯಾಡ್ರಿ. ಬೀದರ್ದಾಗ ಬದಲಿ ಮಾಡ್ಬ್ಯಾಡ್ರಿ. ಮೈ ವಾಸ್ನಿ ಇರ್ಬೇಕು." ಅವನು ಅಲ್ಲಿಂದ ನಕ್ಕ. ಅವಳ ತಲೆಯಲ್ಲಿರುವುದು ಮೂರನೆಯ ಅಂಗಿ ಎಂದು ನನಗೆ ಆಗ ಹೊಳೆಯಿತು.

ಅವಳನ್ನು ಕೂಡಿಸಿಕೊಂಡು ಹೇಳಿದೆ, ಅದು ಮೋಜಿಜಾ, ನಬಿಗಳಿಗೆ ಅಲ್ಲಾಹ್ ಕೊಟ್ಟ ಪವಾಡ, ನಮ್ಮಂಥವರಿಗೆ ಆಗುವುದಿಲ್ಲ ಎಂದು.

"ಹಂಗಾದ್ರ ನಮಗ್ಯಾಕ ಹೇಳ್ತಾರ ಫುಪ್ಪು?" ಎಂದು ಈ ಸೋದರತ್ತೆಯನ್ನೇ ಕೇಳಿದಳು.

ನನ್ನ ಬಿ.ಎಡ್. ಅಲ್ಲಿಗೆ ಮುಗಿಯಿತು. ಡಾಕ್ಟರರು ಹೇಳಿದ್ದನ್ನು ನೆನಪಿಸಿದೆ. ಅದಕ್ಕೂ ಉತ್ತರ ಸಿದ್ಧವಿತ್ತು. "ಅವರು ಆಪ್ರೇಶನ್ ಮಾಡಿದ್ರ ಬರಂಗಿಲ್ಲ ಅಂದಾರ. ಅಂಗಿ ಹಾಕಿದ್ರ ಬರಂಗಿಲ್ಲ ಅಂದಿಲ್ಲಲ್ಲಾ?"

ಕಣ್ಣು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅದಕ್ಕಾಗಿ ಅತ್ತು ಮುಗಿದಿತ್ತು. ನನಗೀಗ ಭಯವಿದ್ದದ್ದು ಹುಡುಗಿಯದು. ಆ ಅಂಗಿ ಸುಮ್ಮನೆ ಅಂಗಿಯಾಗಿಯೇ ಉಳಿದಾಗ ಅವಳಲ್ಲಿ ಏನೇನು ಒಡೆದುಹೋಗಬಹುದು? ಕಥೆ ಒಡೆಯಬಹುದು, ಅಜ್ಜ ಒಡೆಯಬಹುದು, ಅಲ್ಲಾಹ್ ಮೇಲಿಟ್ಟ ನಂಬಿಕೆಯೂ ಒಡೆಯಬಹುದು. ಅಬ್ಬಾನ ಹತ್ತಿರ ಹೋಗಿ ಎಲ್ಲ ಹೇಳಿ, "ಅಂಗಿ ಹಾಕ್ದಾಗ ಸ್ವಲ್ಪ ಬೆಳಕು ಕಂಡಂಗಾತು ಅಂದುಬಿಡ್ರಿ ಅಬ್ಬಾ, ಕೂಸು ಅದು" ಎಂದೆ.

ಅವರು ದನಿಯೇರಿಸಿದರು. "ಹುಜೂರ್‌ಗೆ ದುಶ್ಮನ್‌ರೂ ಅಮೀನ್, ನಂಬಿಗಸ್ತ ಅಂತಿದ್ರು, ಅವ್ರ ಬಾಯಾಗ ಸುಳ್ಳೇ ಇರ್ಲಿಲ್ಲ ಅಂತ ಆ ಕೂಸಿಗಿ ಹೇಳಿದ್ದು ಇದೇ ಬಾಯಿ ಅಲ್ಲೇನು? ಕಣ್ಣು ಹೋಗ್ಯಾದ, ಇಮಾನ್ ಹೋಗಿಲ್ಲ. ಕಾಣಂಗಿಲ್ಲ ಅಂತ ನಾನೇ ಹೇಳ್ತೇನಿ."

ತಮ್ಮ ಬರುವ ದಿನ ಹುಡುಗಿಯನ್ನು ಕರೆದುಕೊಂಡು ಬೀದರ್ ಬಸ್ ಸ್ಟ್ಯಾಂಡಿಗೆ ಹೋದೆ. ಹೈದರಾಬಾದಿನ ಬಸ್ಸಿನಿಂದ ಇಳಿದವನಲ್ಲಿ ಅವಳು ಮೊದಲು ನೋಡಿದ್ದು ಮುಖವನ್ನಲ್ಲ, ಅಂಗಿಯನ್ನು. ಚಾಕಲೇಟ್ ಬಣ್ಣದ್ದು, ಬೆನ್ನೆಲ್ಲ ಮುದ್ದೆಯಾಗಿತ್ತು. ಅವನು ಎತ್ತಿಕೊಂಡಾಗ ಎದೆಗೆ ಮೂಗು ಹಚ್ಚಿ ಪರೀಕ್ಷೆ ಮಾಡಿ, "ವಾಸ್ನಿ ಅದ" ಎಂದು ನನಗೆ ವರದಿ ಕೊಟ್ಟಳು. ಅವನು ಸೆಖೆ, ಅಂಗಿ ಬದಲಿಸುತ್ತೇನೆ ಎಂದಾಗ ಬಸ್ ಸ್ಟ್ಯಾಂಡ್ ಮಂದಿಯೆಲ್ಲ ತಿರುಗಿ ನೋಡುವಂತೆ ಚೀರಿದಳು. ಚಹಾ ಕುಡಿಯುವಾಗ ಒಂದು ಹನಿ ಬೀಳದಂತೆ ಅವನ ಎದೆಗೆ ತನ್ನ ಓಢಣಿ ಅಡ್ಡ ಹಿಡಿದಳು. ಭಾಲ್ಕಿಯ ಬಸ್ಸಿನಲ್ಲಿ ಅವಳಿಗೆ ನಿದ್ದೆ ಹತ್ತಿದಾಗ ನಾನು ಅವನಿಗೆ ವಿಷಯ ಹೇಳಿದೆ. ಅವನು ಮೇಲಿನ ಗುಂಡಿಯನ್ನೂ ಹಾಕಿಕೊಂಡು ಊರು ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತ.

ಮನೆಯಲ್ಲಿ ಅಬ್ಬಾ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಮಗನ ತಲೆ, ಕಿವಿ, ಭುಜ ಎಲ್ಲ ಸವರಿ, "ತೆಳ್ಳಗಾಗಿದಿ" ಎಂದರು. ಹುಡುಗಿಗೆ ಅಷ್ಟೂ ತಡೆಯಲಾಗಲಿಲ್ಲ. ಅಪ್ಪನ ಅಂಗಿ ಬಿಚ್ಚಿಸಿ, ಬಿಸ್ಮಿಲ್ಲಾ ಎಂದು ಅಜ್ಜನ ಮುಖದ ಮೇಲೆ ಹಾಕಿದಳು. ನಾವೆಲ್ಲ ನಿಂತಲ್ಲೇ ನಿಂತೆವು. ಅಂಗಿಯ ಒಳಗಿಂದ ಅಬ್ಬಾ ಉಸಿರೆಳೆದುಕೊಂಡದ್ದು ಕೇಳಿಸಿತು. ಅವರ ಬೆರಳುಗಳು ತಾವಾಗಿಯೇ ಕಾಲರಿಗೆ ಹೋಗಿ ಹೊಲಿಗೆ ಹಿಡಿದವು. ಹುಡುಗಿ ಎರಡೂ ಕೈ ಅವರ ಮೊಣಕಾಲ ಮೇಲಿಟ್ಟಿದ್ದಳು. ಆ ಕೈಗಳು ಅವರ ಪೈಜಾಮವನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ನನಗೆ ಕಂಡದ್ದು ಅವರಿಗೆ ತಾಗುತ್ತಿತ್ತು.

"ಕಾಣ್ಸ್ತೇನ್ರಿ ದಾದಾ?"

ಅಂಗಿಯನ್ನು ಮೆಲ್ಲಗೆ ಕೆಳಗಿಳಿಸಿದರು. ಕಾಣುವುದಿಲ್ಲವೆಂದೇ ಹೇಳುತ್ತೇನೆ ಎಂದು ನನ್ನೆದುರು ಆಣೆ ಮಾಡಿದ ಹಾಗೆ ಹೇಳಿದ್ದ ಮನುಷ್ಯ. ನಾನು ಹುಡುಗಿಯನ್ನು ಹಿಡಿದುಕೊಳ್ಳಲು ಒಂದು ಹೆಜ್ಜೆ ಮುಂದಿಟ್ಟಿದ್ದೆ.

"ಹೂಂ ಬೇಟಾ. ಕಾಣ್ಸ್ತದ."

ತಮ್ಮನ ಹೆಂಡತಿ ಯಾ ಅಲ್ಲಾಹ್ ಎಂದು ಬಾಯಿಗೆ ಕೈ ಇಟ್ಟಳು. ತಮ್ಮ ಅಬ್ಬಾ ಎಂದು ಕೂಗಿದ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಒಂದು ಗಳಿಗೆ ನಾನೂ ನಂಬಿದೆ.

ಹುಡುಗಿ ಕೇಳಿದಳು, "ಯಾವ ಬಣ್ಣ ಅದ ಹೇಳ್ರಿ ಅಂಗಿ?"

ಸಂಶಯದಿಂದ ಕೇಳಿದಳೋ, ಖುಷಿ ತಡೆಯದೆ ಕೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಂಗಿ ನೋಡುವುದನ್ನು ಕಲಿ ಎಂದು ಹೇಳಿಕೊಟ್ಟವರು ಅವರೇ. ಅಬ್ಬಾ ಮಗನಿಗೆ ಈದಿಗೆ, ಮದುವೆಗೆ, ಸೌದಿಗೆ ಹೋಗುವ ದಿನಕ್ಕೆ, ಹೊಲಿದದ್ದೆಲ್ಲ ಬಿಳಿಯೇ. ಅವರಿಗೆ ಅವನು ನೆನಪಿರುವುದೇ ಬಿಳಿಯಲ್ಲಿ.

"ಬಿಳಿ" ಎಂದರು.

ಹುಡುಗಿ ಅಂಗಿ ನೋಡಿದಳು. ಅಜ್ಜನ ಮುಖ ನೋಡಿದಳು. ಮತ್ತೆ ಅಂಗಿ ನೋಡಿದಳು. ಚೀರುತ್ತಾಳೆ ಎಂದುಕೊಂಡೆ. ಅವಳು ಅದನ್ನು ಅವರ ಕೈಯಿಂದ ತೆಗೆದುಕೊಂಡು ಮಡಚತೊಡಗಿದಳು.

"ಹೌದ್ರಿ ದಾದಾ" ಎಂದಳು. "ಬಿಳೀನೇ ಅದ."

ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಹೋಗಿ ನೋಡಿದರೆ ನೀರಿನ ಡ್ರಮ್ಮಿನ ಪಕ್ಕ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದು ನನಗೆ ಬರುತ್ತದೆ, ದಿನಾ ಮಾಡುವ ಕೆಲಸ. ತಲೆ ಮೇಲೆ ಕೈ ಇಟ್ಟೆ. "ಬಣ್ಣದ್ದು ಯಾರ್ಗೂ ಹೇಳ್ಬ್ಯಾಡ್ರಿ ಫುಪ್ಪು" ಎಂದಳು.

ಮರುದಿನ ಬೆಳಿಗ್ಗೆ ನಾನು ಔರಾದಿಗೆ ಹೊರಟಾಗ ಅಬ್ಬಾ ಕರೆದರು. ಹುಡುಗಿ ಹೊರಗಿದ್ದಾಳೆಂದು ಖಾತ್ರಿ ಮಾಡಿಕೊಂಡು ಕೇಳಿದರು, "ಖರೇ ಹೇಳು. ಯಾವ ಬಣ್ಣದ್ದಿತ್ತು?"

ಸುಳ್ಳು ಹೇಳಲು ನನಗೂ ಬರುತ್ತಿತ್ತು. ಆದರೆ ಆ ಮನೆಯಲ್ಲಿ ಅಷ್ಟರಲ್ಲೇ ಎರಡಾಗಿದ್ದವು. "ಚಾಕಲೇಟ್ ಬಣ್ಣದ್ದಿತ್ತು ಅಬ್ಬಾ."

ಅವರು ತಲೆ ತಗ್ಗಿಸಿ ಮಷೀನಿನ ಚಕ್ರದ ಮೇಲೆ ಕೈ ಇಟ್ಟರು. "ಆದಂನಿಂದ ಹಿಡಿದು ಎಲ್ಲಾ ನಬಿಗಳ ಕಥಿ ಹೇಳಿದ್ನಲ್ಲ" ಎಂದರು. "ಕಡೀಗಿ ಕೂಸು ನನ್ನಿಂದ ಕಲ್ತದ್ದು ಇದು."

ಅವಳು ಕಲಿತದ್ದು ಸುಳ್ಳಲ್ಲ ಅಬ್ಬಾ, ಕರುಣೆ ಎಂದು ಹೇಳಬಹುದಿತ್ತು. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಹೊಳೆದರೂ ನಾನದನ್ನು ಪೂರ್ತಿ ನಂಬುವುದಿಲ್ಲ. ಎಂಟು ವರ್ಷದ ಹುಡುಗಿಗೆ ಅಂಥ ಕರುಣೆ ಬೇಕಾಗಿರಲಿಲ್ಲ, ಅವಳಿಗೆ ಬೇಕಾಗಿದ್ದುದು ಒಂದು ಕಣ್ಣು ಬರುವುದು.

ರಜೆ ಮುಗಿದು ತಮ್ಮ ಹೋದ. ಅಬ್ಬಾ ಆಮೇಲೆ ಯಾವ ಕಥೆಯನ್ನೂ ಹೇಳಲಿಲ್ಲ, ಹುಡುಗಿಯೂ ಕೇಳಲಿಲ್ಲ. ಅವರಿಗೆ ಕಾಣುತ್ತದೆ ಎಂಬ ಮಾತನ್ನು ಮಾತ್ರ ಇಬ್ಬರೂ ವಾಪಸು ತೆಗೆದುಕೊಂಡಿಲ್ಲ. ಈಗ ಅವಳು ಶಾಲೆಗೆ ಹೊರಡುವ ಮೊದಲು, ಹಬ್ಬಕ್ಕೆ ಹೊಸ ಬಟ್ಟೆ ಹಾಕಿಕೊಂಡಾಗ, ಅವರ ಎದುರು ಬಂದು ನಿಲ್ಲುತ್ತಾಳೆ. ಅವರು ಬಾಯಿ ತೆರೆಯುವ ಮೊದಲೇ, ಲಗುಬಗೆಯಿಂದ, "ದಾದಾ, ಹಸ್ರು ಫ್ರಾಕ್ ಹಾಕ್ಕೊಂಡೀನಿ ನೋಡ್ರಿ" ಎನ್ನುತ್ತಾಳೆ.

"ಹೌದು ಬೇಟಾ, ಹಸ್ರು" ಎನ್ನುತ್ತಾರೆ ಅಬ್ಬಾ. "ಛಂದ ಕಾಣ್ಸ್ತದ."