ಬಾತುಕೋಳಿ ರಾಜಕುಮಾರನ ಎರಡನೇ ಭಾಗ

ಗುಬ್ಬಿಯ ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಕಾರಿಡಾರಿನಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದರೆ ಮಕ್ಕಳು ಬೆಂಚಿನಲ್ಲಿ ನೆಟ್ಟಗಾಗುತ್ತಾರೆ. ಅದು ನನಗೆ ಗೊತ್ತು, ಬೇಜಾರೂ ಇಲ್ಲ. ಇಂಥ ನಾನು ಶನಿವಾರ ಮಧ್ಯಾಹ್ನ ತುಮಕೂರಿನ ಮನೆಗೆ ಬಂದು, ರೂಮಿನ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ಚಿಕ್ಕ ಮಕ್ಕಳ ಒಂದು ಕಾರ್ಟೂನ್ ಸಿನಿಮಾ ನೋಡುತ್ತೇನೆ. ಅದೂ ಎರಡನೇ ಭಾಗ. ಅದೂ ಪ್ರತಿ ವಾರ ಅದನ್ನೇ.

ಮೊದಲನೇ ಭಾಗವನ್ನು ಮಗಳು ಚಿಕ್ಕವಳಿದ್ದಾಗ ತಂದುಕೊಟ್ಟಿದ್ದೆ. ಶಾಪದಿಂದ ಬಾತುಕೋಳಿಯಾಗಿದ್ದ ರಾಜಕುಮಾರನನ್ನು ಹಿಟ್ಟಿನ ಗಿರಣಿಯವನ ಮಗಳು ಮನುಷ್ಯನನ್ನಾಗಿ ಮಾಡಿ ಮದುವೆಯಾಗುತ್ತಾಳೆ. ಎಲ್ಲರೂ ಮೆಚ್ಚಿದ ಸಿನಿಮಾ. ಎರಡನೆಯದು ಬಂದಾಗ ಮಗಳು ಅರ್ಧ ನೋಡಿ ಎದ್ದುಹೋದಳು. ಅವಳದೇನೂ ತಪ್ಪಿಲ್ಲ. ಚಿತ್ರ ಬರೆದವರಿಗೆ ಆಸಕ್ತಿಯೇ ಇರಲಿಲ್ಲವೇನೋ. ಒಂದು ಕಡೆ ಕುದುರೆಗೆ ಮೂರೇ ಕಾಲು. ಅರಮನೆಯ ಮುಂದೆ ಅದೇ ಮುದುಕ ಅದೇ ಬುಟ್ಟಿ ಹೊತ್ತು ಮತ್ತೆ ಮತ್ತೆ ಹೋಗುತ್ತಾನೆ. ರಾಜಕುಮಾರ ಹಳೇ ಅಭ್ಯಾಸ ಬಿಡಲಾರದೆ ಬೆಳಿಗ್ಗೆ ಎದ್ದ ಕೂಡಲೇ ಕೊಳಕ್ಕೆ ಇಳಿಯುತ್ತಾನೆ, ರಾಣಿಯಮ್ಮ ಸೊಸೆ ಮಾಡಿದ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಕತೆ ಅಂದರೆ ಇಷ್ಟೆ.

ಆದರೆ ನನಗೆ ಬೇಕಾಗಿದ್ದದ್ದೇ ಅದು. ಮದುವೆಯಲ್ಲಿ ಮುಗಿಯುವ ಕತೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಮದುವೆಯ ಮಾರನೆಯ ದಿನದಿಂದ ಶುರುವಾಗುವ ಕತೆ ನನಗೆ ಸಿಕ್ಕಿದ್ದು ಇದೊಂದೇ. ತೀರ್ಪು ಕೊಡಬೇಕಾದರೆ ಇದೇ ಮೇಲು ಅನ್ನುತ್ತೇನೆ, ಯಾರ ಮುಂದೆ ಬೇಕಾದರೂ.

ಹಾಗಿದ್ದರೆ ಬಾಗಿಲು ಯಾಕೆ ಹಾಕಿಕೊಳ್ಳುತ್ತಿದ್ದೆ? ನಾಚಿಕೆಗಲ್ಲ. ವಾರವೆಲ್ಲ ಯಾರಾದರೂ ನನ್ನನ್ನು ಕರೆಯುತ್ತಲೇ ಇರುತ್ತಾರೆ. ಸ್ಕೂಲಿನಲ್ಲಿ ಮಿಸ್, ಮನೆಯಲ್ಲಿ ಮಗಳಿಗೆ ಅಮ್ಮ, ಗಂಡನಿಗೆ ಲೇ, ಅತ್ತೆಗೆ ಬಾರಮ್ಮ. ಶನಿವಾರದ ಆ ಎರಡು ಗಂಟೆ ಯಾರೂ ಕರೆಯಬಾರದು. ನನಗೆ ಬೇಕಾಗಿದ್ದದ್ದು ಅಷ್ಟೆ, ಅದನ್ನು ಬಿಟ್ಟುಕೊಡುವ ಯೋಚನೆಯೂ ಇರಲಿಲ್ಲ.

ಕರೆಯದಂತೆ ನೋಡಿಕೊಂಡಿದ್ದು ನಾನಲ್ಲ, ನಮ್ಮತ್ತೆ. ಬಸ್ಸಿನ ಧೂಳು ತೊಳೆಯಲೆಂದು ನಾನು ಕೈಕಾಲು ಮುಖ ತೊಳೆದು, ಅಭ್ಯಾಸದಂತೆ ಹಣೆಗೆ ವಿಭೂತಿ ಇಟ್ಟುಕೊಂಡು ರೂಮಿಗೆ ಹೋಗುತ್ತಿದ್ದೆ. ಇಯರ್‌ಫೋನ್ ಹಾಕಿಕೊಂಡಿದ್ದರಿಂದ ಒಳಗಿನಿಂದ ಸದ್ದಿಲ್ಲ. ವಿಭೂತಿ, ಮುಚ್ಚಿದ ಬಾಗಿಲು, ಮೌನ. ಹಾಗಲವಾಡಿಯ ಕಡೆ ಶಿವಭಕ್ತರ ಮನೆಯಲ್ಲಿ ಹುಟ್ಟಿದ ಅತ್ತೆಗೆ ಇನ್ನೇನು ಹೊಳೆಯಬೇಕು? ಸೊಸೆ ಲಿಂಗಪೂಜೆಗೆ ಕೂತಿದ್ದಾಳೆ ಅಂದುಕೊಂಡರು. ನಮ್ಮಲ್ಲಿ ಪೂಜೆಗೆ ಕೂತವರನ್ನು ಹೊರಗಿನಿಂದ ಕೂಗುವುದಿಲ್ಲ. ಬೀಗರೇ ಬಂದರೂ ಚಪ್ಪಲಿ ಬಿಟ್ಟು ಸುಮ್ಮನೆ ಕೂತು ಕಾಯಬೇಕು. ಅವರು ಹೀಗೆ ತಿಳಿದುಕೊಂಡಿದ್ದಾರೆ ಅಂತ ನನಗೆ ಗೊತ್ತಾದಾಗ ನಾನು ತಿದ್ದಲು ಹೋಗಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅವರು ಕೇಳಲಿಲ್ಲ.

ಕೇಳದೆ ಇದ್ದವರು ಹೇಳದೆ ಇರಲಿಲ್ಲ. ಗೂಳೂರಿನ ನೆಂಟರಿಗೆ ಹೇಳಿದರು, ಕುಣಿಗಲ್ಲಿನಲ್ಲಿರುವ ಮಗಳಿಗೆ, ಅಂದರೆ ನನ್ನ ಗಂಡನ ಅಕ್ಕನಿಗೆ, ಫೋನಿನಲ್ಲಿ ಹೇಳಿದರು. ಆ ಅಕ್ಕ ಒಂದು ಶನಿವಾರ ಬಸ್ಸು ಹತ್ತಿ ಬಂದೇಬಿಟ್ಟರು. ನಾನು ಸಿನಿಮಾ ಮುಗಿಸಿ ಬಾಗಿಲು ತೆಗೆದರೆ ಹಾಲಿನಲ್ಲಿ ತಾಯಿ ಮಗಳು ಇಬ್ಬರೂ ಮಾತಿಲ್ಲದೆ ಕಾಫಿ ಲೋಟ ಹಿಡಿದು ಕೂತಿದ್ದರು.

"ಎರಡೆರಡು ಗಂಟೆ ಕೂರ್ತೀಯಂತಲ್ಲಮ್ಮ," ಅಂದರು ಅಕ್ಕ. "ನಮ್ ಹೆಂಗಸ್ರ ಸಂಘಕ್ಕೆ ಬಂದು ನಾಕ್ ಮಾತ್ ಹೇಳು. ಮನಸ್ ಹೆಂಗ್ ನಿಲ್ಸೋದು ಅಂತ. ಎಲ್ರಿಗೂ ಹೇಳ್ಬುಟ್ಟಿದೀನಿ."

ಮನೆಯೊಳಗೆ ಸುಮ್ಮನಿರುವುದು ಬೇರೆ, ಮೈಕ್ ಹಿಡಿದು ಶಿವನ ಹೆಸರಿನಲ್ಲಿ ಬುರುಡೆ ಬಿಡುವುದು ಬೇರೆ. ಅದು ನನ್ನ ಕೈಲಾಗುವುದಿಲ್ಲ.

"ಅಕ್ಕ, ನಾನು ಪೂಜೆ ಮಾಡ್ತಿರ್ಲಿಲ್ಲ. ಸಿನಿಮಾ ನೋಡ್ತಿದ್ದೆ."

ಅಕ್ಕ ಲೋಟ ಕೆಳಗಿಟ್ಟರು. "ದೇವ್ರ ಸಿನಿಮಾನಾ?"

"ಅಲ್ಲ. ಕಾರ್ಟೂನು. ಬಾತುಕೋಳಿ ಆಗಿದ್ದ ರಾಜಕುಮಾರಂದು."

ಅವರು ತಾಯಿಯ ಮುಖ ನೋಡಿದರು. ತಾಯಿ ನೆಲ ನೋಡಿದರು. ಹೊರಡುವಾಗ ಅಕ್ಕ ಅರಿಶಿನ ಕುಂಕುಮ ತೆಗೆದುಕೊಂಡರು, ಮುಖ ಮಾತ್ರ ಬಾಗಿಲ ಕಡೆಗೇ ಇತ್ತು. ಅವರ ಸಂಘದಲ್ಲಿ ಅವರಿಗೆ ಮುಜುಗರವಾಗುತ್ತದೆ ಅಂತ ನನಗೂ ಅನ್ನಿಸಿತು. ಆದರೆ ಹೇಳಿದ್ದಕ್ಕೆ ಆಗಲಿ, ನೋಡಿದ್ದಕ್ಕೆ ಆಗಲಿ, ನನಗೇನೂ ಅಳುಕಿರಲಿಲ್ಲ.

ಅಳುಕಿದ್ದು ಆಮೇಲೆ. ಅತ್ತೆ ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದರು.

"ಶನಿವಾರ ಮಧ್ಯಾನ ನಾನು ಒಂದಿನಾನೂ ಮಿಕ್ಸಿ ಹಾಕಿಲ್ಲ ಕಣಮ್ಮ," ಅಂದರು. "ಟೀವಿ ಹಾಕಿಲ್ಲ. ಕುಕ್ಕರ್ ಕೂಗ್ಬುಡ್ತದೆ, ನಿನ್ ಪೂಜೆ ಕೆಡ್ತದೆ ಅಂತ ಬೇಳೇನೂ ಪಾತ್ರೇಲೇ ಬೇಯಿಸ್ತಿದ್ದೆ."

ನನ್ನ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಕುಕ್ಕರ್ ಅಲ್ಲ, ಗುಡುಗಿದರೂ ನನಗೆ ಕೇಳುತ್ತಿರಲಿಲ್ಲ. ನಾನೊಬ್ಬಳೇ ಗಿಟ್ಟಿಸಿಕೊಂಡೆ ಅಂದುಕೊಂಡಿದ್ದ ಎರಡು ಗಂಟೆಯನ್ನು ಈ ಹೆಂಗಸು ಹೊರಗೆ ಕೂತು ಕಾದಿದ್ದರು.

"ಇನ್ಮೇಲೆ ಹಾಲಲ್ಲೇ ಕೂತು ನೋಡ್ತೀನಿ ಅತ್ತೆ," ಅಂದೆ.

"ಬುಡು. ಒಬ್ಳೇ ಕೂರ್ಬೇಕು ಅನ್ಸಿದ್ದಕ್ಕೇ ತಾನೆ ಬಾಗ್ಲು ಹಾಕ್ಕೊಂಡಿದ್ದು." ಇನ್ನೊಂದು ಕಟ್ಟು ಬಿಚ್ಚುತ್ತಾ ಕೇಳಿದರು, "ಅಂಥಾದ್ದೇನೈತೆ ಅದ್ರಲ್ಲಿ?"

ನನಗಿಷ್ಟವಾದ ಜಾಗ ಹೇಳಿದೆ. "ಆ ಹುಡುಗಿ ಅರಮನೆಯಿಂದ ಅವರಪ್ಪನ ಗಿರಣಿಗೆ ಹೋಗ್ತಾಳೆ ಅತ್ತೆ. ಬಾಗ್ಲು ಹಾಕ್ಕೊಂಡು ಹಿಟ್ಟಿನ ಮೂಟೆ ಮೇಲೆ ಕೂತ್ಕೋತಾಳೆ."

"ಆಮೇಲೆ?"

"ಆಮೇಲೇನಿಲ್ಲ. ಸುಮ್ನೆ ಕೂತಿರ್ತಾಳೆ."

ಅತ್ತೆಯ ಕೈ ಸೊಪ್ಪಿನ ಮೇಲೆ ನಿಂತಿತು. "ಯಾರೂ ಕರಿಯಲ್ವಾ ಅವಳ್ನ?"

"ಯಾರೂ ಕರಿಯಲ್ಲ ಅತ್ತೆ."

ಅವರು ಸೊಪ್ಪನ್ನೆಲ್ಲ ಬಿಡಿಸಿ ಮುಗಿಸಿದರು, ದಂಟನ್ನು ಬೇರೆ ಮಾಡಿದರು, ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನಂಗೂ ಭಾನುವಾರ ಆ ರೂಮು ಬೇಕು ಕಣಮ್ಮ," ಅಂದರು.

ಈಗ ಶನಿವಾರ ನನ್ನದು, ಭಾನುವಾರ ಅವರದು. ಅವರಿಗೆ ಸಿನಿಮಾ ಬೇಡ, ಫೋನೂ ಬೇಡ. ಒಳಗೆ ಹೋಗಿ ಅಗುಳಿ ಹಾಕಿಕೊಳ್ಳುತ್ತಾರೆ. ಏನು ಮಾಡುತ್ತೀರಿ ಅಂತ ನಾನು ಕೇಳಿಲ್ಲ. ಮೊನ್ನೆ ಭಾನುವಾರ ಕುಣಿಗಲ್ಲಿನಿಂದ ಅಕ್ಕ ಫೋನು ಮಾಡಿದರು. ನನ್ನ ಮೇಲಿನ ಮುನಿಸು ಇನ್ನೂ ದನಿಯಲ್ಲಿತ್ತು.

"ಅಮ್ಮಂಗೆ ಕೊಡು."

"ರೂಮಲ್ಲಿದಾರೆ ಅಕ್ಕ. ಈಗ ಕರಿಯೋ ಹಾಗಿಲ್ಲ."

"ಪೂಜೆಗ್ ಕೂತವ್ರಾ?"

"ಇಲ್ಲ," ಅಂದೆ. "ಸುಮ್ನೆ ಕೂತವ್ರೆ. ಆಮೇಲೆ ಮಾಡಿ."

ಫೋನು ಇಟ್ಟು ಅಡುಗೆಮನೆಗೆ ಹೋದೆ. ಬೇಳೆಯನ್ನು ಪಾತ್ರೆಯಲ್ಲೇ ಇಟ್ಟಿದ್ದೆ. ಪಾತ್ರೆಯಲ್ಲಿ ಬೇಯಲು ತುಂಬ ಹೊತ್ತು ಹಿಡಿಯುತ್ತದೆ. ನಾನು ಸ್ಟೂಲ್ ಎಳೆದುಕೊಂಡು ಅಲ್ಲೇ ಕೂತೆ.